ಬಾಡಿಗೆಗೆ ಕೊಡೋ ಮುಂಚೆ ಗೋಡೆ ಕಟ್ಟಬೇಕು: ಐಫೋನ್ ಆ್ಯಪ್‌ಗಳಿಗಾಗಿ ಜನ ಕಾದ ಒಂದು ವರ್ಷ

ಮೊದಲ ಐಫೋನಿನ ಹಳೇ ಫೋಟೋ ಒಂದನ್ನು ಹುಡುಕಿ ತೆಗೆದು ನೋಡಿ. 2007ರ ಜೂನ್ 29ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು ಅದು. ಪರದೆಯ ಮೇಲೆ ಒಟ್ಟು 16 ಐಕಾನ್. ತಳದಲ್ಲಿ ಫೋನ್, ಮೇಲ್, ಸಫಾರಿ, ಐಪಾಡ್ ಅಂತ ನಾಲ್ಕು, ಮೇಲಿನ ಮೂರು ಸಾಲಲ್ಲಿ ಹನ್ನೆರಡು. ಇವೆರಡರ ನಡುವೆ ಒಂದು ಇಡೀ ಸಾಲು ಖಾಲಿ. ಆ ಖಾಲಿ ಜಾಗದಲ್ಲಿ ತಮಗೆ ಬೇಕಾದ್ದನ್ನು ತಂದು ಕೂರಿಸೋ ದಾರಿ ಫೋನ್ ಕೊಂಡವರಿಗೆ ಇರಲಿಲ್ಲ. ಆ್ಯಪ್ ಸ್ಟೋರ್ ಅನ್ನೋ ಐಕಾನೇ ಅದರಲ್ಲಿಲ್ಲ. 499 ಇಲ್ಲವೇ 599 ಡಾಲರ್ ಕೊಟ್ಟವರಿಗೆ ಆ್ಯಪಲ್ ಏನು ಹಾಕಿಕೊಟ್ಟಿತ್ತೋ ಅಷ್ಟೇ.

ಆಗ ನಮ್ಮ ಬ್ಯಾಚಿನವರು ತೊಟ್ಟಿಲು ಬಿಟ್ಟು ಒಂದು ವರ್ಷ ಆಗಿತ್ತೋ ಇಲ್ಲವೋ. ಹಾಗಾಗಿ ಆ್ಯಪ್ ಹಾಕಿಕೊಳ್ಳಲಾಗದ ಸ್ಮಾರ್ಟ್‌ಫೋನ್ ಅಂದ್ರೆ ನಮಗೆ ಊಹೆಗೂ ಸಿಗಲ್ಲ. ಆದರೆ 2008ರ ಜುಲೈ 10ರವರೆಗೂ, ಅಂದ್ರೆ ಫೋನ್ ಬಂದು ಒಂದು ವರ್ಷ ದಾಟುವವರೆಗೂ, ಹೊರಗಿನ ಡೆವಲಪರ್‌ಗಳು ಅಧಿಕೃತವಾಗಿ ಒಂದೇ ಒಂದು ಆ್ಯಪ್ ಕೂಡ ಐಫೋನಿಗೆ ಕೊಡೋ ಹಾಗಿರಲಿಲ್ಲ. ಆ ವರ್ಷದಲ್ಲಿ ಜನ ಯಾಕೆ ಅಷ್ಟು ಕಾತರದಿಂದ ಕಾದರು, ಕಂಪನಿ ಅಷ್ಟು ಹೊತ್ತು ಏನು ಮಾಡ್ತಾ ಇತ್ತು ಅನ್ನೋದನ್ನು ಈ ಸಲ ನೋಡೋಣ. ಆಪರೇಟಿಂಗ್ ಸಿಸ್ಟಮ್ಸ್ ಪೇಪರಿನಲ್ಲಿ ಯೂಸರ್ ಮೋಡ್, ರೂಟ್, ಪ್ರೊಸೆಸ್ ಅಂತ ಬಾಯಿಪಾಠ ಮಾಡೋ ವಿಷಯಗಳೆಲ್ಲ ಈ ಕಥೆಯಲ್ಲಿ ಜೀವ ಪಡೆದುಕೊಳ್ಳುತ್ತವೆ.

ಬೇಡ ಅಂದದ್ದು

2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಐಫೋನನ್ನು ಮೊದಲ ಸಲ ತೋರಿಸಿದಾಗ, ಇದು ಕಂಪ್ಯೂಟರಿನ ಓಎಸ್ ಎಕ್ಸ್ ಮೇಲೇ ನಡೆಯುತ್ತೆ ಅಂತ ಹೇಳಿದ್ದರು. ಮ್ಯಾಕ್‌ಗೆ ಪ್ರೋಗ್ರಾಂ ಬರೆಯುತ್ತಿದ್ದವರ ಕಿವಿ ನೆಟ್ಟಗಾದದ್ದು ಆ ಮಾತಿಗೇ. ಅದೇ ಕರ್ನಲ್, ಅದೇ ಆಬ್ಜೆಕ್ಟಿವ್-ಸಿ ಅಂದಮೇಲೆ ನಾವೂ ಬರೀಬಹುದಲ್ಲ? ಆದರೆ ಕೆಲವೇ ದಿನಗಳಲ್ಲಿ ಪತ್ರಕರ್ತರ ಜತೆ ಮಾತಾಡುತ್ತಾ ಜಾಬ್ಸ್ ಆ ಆಸೆಗೆ ತಣ್ಣೀರು ಎರಚಿದರು. ಫೋನ್ ಅಂದ್ರೆ ಕಂಪ್ಯೂಟರ್ ಥರ ಅಲ್ಲ, ಯಾರದೋ ಒಂದು ಆ್ಯಪ್ ಕೆಟ್ಟು ಮೊಬೈಲ್ ಜಾಲವೇ ಕುಸಿಯಬಾರದು, ಕರೆ ಮಾಡಬೇಕು ಅಂದಾಗ ಅದು ಕೆಲಸ ಮಾಡಲೇಬೇಕು ಅನ್ನೋದು ಅವರ ವಾದದ ಸಾರ.

ಒಂದು ಆ್ಯಪ್ ಇಡೀ ಜಾಲವನ್ನು ಬೀಳಿಸುತ್ತೆ ಅನ್ನೋದು ನಮಗೆ ಸ್ವಲ್ಪ ಅತಿ ಅನ್ಸುತ್ತೆ. ಯಾಕಂದ್ರೆ ಆ ಹೊತ್ತಿಗೆ ನೋಕಿಯಾದ ಸಿಂಬಿಯನ್, ಪಾಮ್, ವಿಂಡೋಸ್ ಮೊಬೈಲ್, ಬ್ಲ್ಯಾಕ್‌ಬೆರ್ರಿ ಎಲ್ಲದರಲ್ಲೂ ಹೊರಗಿನವರ ಪ್ರೋಗ್ರಾಂಗಳು ವರ್ಷಗಟ್ಟಲೆಯಿಂದ ಓಡುತ್ತಿದ್ದವು, ಜಾಲ ಎಲ್ಲೂ ಬಿದ್ದುಹೋಗಿರಲಿಲ್ಲ. ಆದರೆ ಆ ವಾದದ ಹಿಂದೆ ಇನ್ನೊಂದು ನಿಜವಾದ ತೊಂದರೆ ಇತ್ತು. ಅದನ್ನು ಆಮೇಲೆ ನೋಡೋಣ.

ಜೂನ್ 11ರಂದು ಡೆವಲಪರ್‌ಗಳ ವಾರ್ಷಿಕ ಸಮ್ಮೇಳನ. ಸಾವಿರಾರು ಜನ ಡೆವಲಪ್‌ಮೆಂಟ್ ಕಿಟ್ ಸಿಗುತ್ತೆ ಅಂತ ಕಾದು ಕೂತಿದ್ದರು. ಅವರಿಗೆ ಸಿಕ್ಕ ಉತ್ತರ: ಸಫಾರಿ ಬ್ರೌಸರಿನಲ್ಲಿ ಓಡೋ ವೆಬ್ ಆ್ಯಪ್ ಬರೆಯಿರಿ, ಕಿಟ್ ಗಿಟ್ ಏನೂ ಬೇಕಾಗಿಲ್ಲ. ಮದುವೆ ಊಟ ಅಂತ ಎಲೆ ಹಾಕಿಸಿ ಕೂರಿಸಿ ಉಪ್ಪು, ಉಪ್ಪಿನಕಾಯಿ ಮಾತ್ರ ಬಡಿಸಿದ ಹಾಗೆ. ಚಪ್ಪಾಳೆ ಬಂತು, ಆದರೆ ಜೋರಾಗೇನೂ ಅಲ್ಲ.

ಇವತ್ತಿನ ವೆಬ್ ನೋಡಿದವರು, ಅದರಲ್ಲೇನು ತಪ್ಪು ಅಂತ ಕೇಳಬಹುದು. ಆವತ್ತಿನ ಪರಿಸ್ಥಿತಿ ಬೇರೆ. ಮೊದಲ ಐಫೋನಿನಲ್ಲಿ 3ಜಿ ಇರಲಿಲ್ಲ; ವೈಫೈ ಬಿಟ್ಟರೆ ನಿಧಾನದ ಎಡ್ಜ್ ಸಂಪರ್ಕ. ವೆಬ್ ಆ್ಯಪ್ ಅಂದ್ರೆ ಪ್ರತಿ ಸಲ ಪುಟ ಇಳಿಯಬೇಕು. ಜಾಲ ಸಿಗದ ಜಾಗದಲ್ಲಿ ಅದು ಸತ್ತಂತೆ. ಬ್ರೌಸರಿನ ಪುಟಕ್ಕೆ ಕ್ಯಾಮೆರಾ ಸಿಗಲ್ಲ, ಫೋನ್ ಅಲುಗಿದ್ದನ್ನು ಹೇಳೋ ಆಕ್ಸಲರೋಮೀಟರ್ ಸಿಗಲ್ಲ. ಮುಖಪುಟದಲ್ಲಿ ಅದಕ್ಕೊಂದು ಐಕಾನ್ ಇಟ್ಟುಕೊಳ್ಳೋ ಸೌಲಭ್ಯ ಬಂದದ್ದೇ 2008ರ ಜನವರಿಯಲ್ಲಿ. ಆ್ಯಪಲ್ ತಾನೇ ಬರೆದ 16 ಆ್ಯಪ್‌ಗಳಲ್ಲಿ ಮುಖ್ಯವಾದವು ಯಾವುವೂ ವೆಬ್ ಆ್ಯಪ್ ಆಗಿರಲಿಲ್ಲ ಅನ್ನೋದು ಡೆವಲಪರ್‌ಗಳಿಗೆ ಚೆನ್ನಾಗಿ ಗೊತ್ತಿತ್ತು. ಬಡಿಸೋರು ತಾವು ಉಣ್ಣದ್ದನ್ನೇ ನಮ್ಮ ಎಲೆಗೆ ಹಾಕಿದರೆ ಅನುಮಾನ ಬಾರದೇ ಇರುತ್ತಾ?

ಕಿಟಕಿಯಿಂದ ಒಳಗೆ ಬಂದವರು

ಬಾಗಿಲು ತೆಗೆಯಲ್ಲ ಅಂದಾಗ ಕೆಲವರು ಕಿಟಕಿ ಹುಡುಕಿದರು. ಫೋನ್ ಬಂದ ಕೆಲವೇ ವಾರಗಳಲ್ಲಿ ಜೈಲ್‌ಬ್ರೇಕ್ ಮಾಡೋ ದಾರಿ ಸಿಕ್ಕಿತು. ಆದರೆ ಒಳಗೆ ಹೊಕ್ಕ ಮಾತ್ರಕ್ಕೆ ಆ್ಯಪ್ ಬರೆಯೋಕೆ ಆಗಲ್ಲ. ಬಟನ್ ಬರೆಯೋ ಕ್ಲಾಸ್ ಯಾವುದು, ಪಟ್ಟಿ ತೋರಿಸೋ ಮೆಥಡ್ ಯಾವುದು ಅಂತ ಹೇಳೋ ಪುಸ್ತಕ ಇಲ್ಲ, ಹೆಡರ್ ಫೈಲ್ ಇಲ್ಲ. ಇಲ್ಲಿ ಒಂದು ಚಂದದ ಸಂಗತಿ ಇದೆ.

ನಾವು ಮೊದಲ ಸೆಮಿಸ್ಟರಿನಲ್ಲಿ ಕಲಿತ ಸಿ ಭಾಷೆಯಲ್ಲಿ ಪ್ರೋಗ್ರಾಂ ಕಂಪೈಲ್ ಆದಮೇಲೆ ಫಂಕ್ಷನ್‌ಗಳ ಹೆಸರು ಉಳಿಯಲೇಬೇಕು ಅಂತಿಲ್ಲ. ಮಷಿನ್‌ಗೆ ಬೇಕಾಗಿರೋದು ವಿಳಾಸ ಮಾತ್ರ. ಆಬ್ಜೆಕ್ಟಿವ್-ಸಿಯಲ್ಲಿ ಹಾಗಲ್ಲ. ಅಲ್ಲಿ ಮೆಥಡ್ ಕರೆಯೋದು ಅಂದ್ರೆ ಒಂದು ಆಬ್ಜೆಕ್ಟ್‌ಗೆ ಹೆಸರು ಹೇಳಿ ಸಂದೇಶ ಕಳಿಸೋದು, ಆ ಹೆಸರಿನ ಮೆಥಡ್ ಎಲ್ಲಿದೆ ಅಂತ ಹುಡುಕೋದು ಪ್ರೋಗ್ರಾಂ ಓಡುವಾಗ. ಹಾಗಾಗಿ ಕ್ಲಾಸ್ ಮತ್ತು ಮೆಥಡ್‌ಗಳ ಹೆಸರುಗಳು ಬೈನರಿಯ ಒಳಗೇ ಕೂತಿರಬೇಕು. ಕ್ಲಾಸ್-ಡಂಪ್ ಅನ್ನೋ ಟೂಲ್ ಆ ಹೆಸರುಗಳನ್ನೆಲ್ಲ ಹೊರಗೆಳೆದು ಹೆಡರ್ ಫೈಲ್ ಥರ ಜೋಡಿಸಿ ಕೊಡುತ್ತೆ. ಮನೆ ಬೀಗ ಹಾಕಿದ್ದರೂ ಪ್ರತಿ ಡಬ್ಬದ ಮೇಲೆ ಸಾಸಿವೆ, ಜೀರಿಗೆ, ಮೆಂತ್ಯ ಅಂತ ಚೀಟಿ ಅಂಟಿಸಿಟ್ಟ ಅಡುಗೆಮನೆ ಅದು. ಒಳಗೆ ಹೊಕ್ಕವರು ಚೀಟಿ ಓದಿಕೊಂಡು ಅಡುಗೆ ಶುರುಮಾಡಿದರು.

2007ರ ಬೇಸಿಗೆ ಮುಗಿಯೋ ಹೊತ್ತಿಗೆ ಇನ್‌ಸ್ಟಾಲರ್ ಅನ್ನೋ ಒಂದು ಆ್ಯಪ್ ಬಂದು, ಬೇರೆ ಆ್ಯಪ್‌ಗಳನ್ನು ಫೋನಿನಲ್ಲೇ ಹುಡುಕಿ ಇಳಿಸಿಕೊಳ್ಳೋ ಹಾಗಾಯಿತು. ಅಧಿಕೃತ ಆ್ಯಪ್ ಸ್ಟೋರಿಗೆ ಹೆಚ್ಚುಕಡಿಮೆ ಒಂದು ವರ್ಷ ಮುಂಚೆ! ಟ್ಯಾಪ್ ಟ್ಯಾಪ್ ರೆವಲ್ಯೂಷನ್ ಅನ್ನೋ ಆಟ ಈ ಕಾಲದ್ದೇ. ಅದೇ ಮುಂದೆ ಟ್ಯಾಪ್ ಟ್ಯಾಪ್ ರಿವೆಂಜ್ ಆಗಿ ಆ್ಯಪ್ ಸ್ಟೋರಿಗೆ ಬಂತು. ಹಬ್ಬಕ್ಕೆ ಮುಂಚೆಯೇ ಕದ್ದು ತಿಂದ ಹೋಳಿಗೆ ರುಚಿ ಜಾಸ್ತಿ. ಈ ಆ್ಯಪ್‌ಗಳನ್ನು ನೋಡಿದವರಿಗೆ ಮುಂದೆ ಏನು ಬರಬಹುದು ಅನ್ನೋದರ ರುಚಿ ಹತ್ತಿಬಿಟ್ಟಿತು. ಜನರ ಕಾತರಕ್ಕೆ ದೊಡ್ಡ ಕಾರಣ ಇದೇ ಅಂತ ನಮ್ಮ ಅಭಿಪ್ರಾಯ. ಯಾರೋ ಕೊಟ್ಟ ಜಾಹೀರಾತಿಗಿಂತ ಪಕ್ಕದವರ ಫೋನಿನಲ್ಲಿ ಓಡುತ್ತಿರೋ ಆಟ ಹೆಚ್ಚು ಆಸೆ ಹುಟ್ಟಿಸುತ್ತೆ.

ಸೆಪ್ಟೆಂಬರ್ ಕೊನೆಯಲ್ಲಿ ಬಂದ 1.1.1 ಅಪ್‌ಡೇಟ್ ಈ ಆ್ಯಪ್‌ಗಳನ್ನೆಲ್ಲ ಅಳಿಸಿಹಾಕಿತು. ಬೇರೆ ಕಂಪನಿಯ ಸಿಮ್ ಹಾಕೋಕೆ ಅನ್‌ಲಾಕ್ ಮಾಡಿದ್ದ ಎಷ್ಟೋ ಫೋನ್‌ಗಳು ಇಟ್ಟಿಗೆ ಆದವು. ಬೈಗುಳದ ಸುರಿಮಳೆ ಆಯಿತು ಅಂತ ಬೇರೆ ಹೇಳಬೇಕಾ?

ಚಿಲಕ ಇಲ್ಲದ ಮನೆ

ಈಗ ಮೊದಲು ಬಿಟ್ಟಿದ್ದ ತೊಂದರೆಗೆ ಬರೋಣ. 2007ರ ಐಫೋನಿನಲ್ಲಿ ಎಲ್ಲ ಆ್ಯಪ್‌ಗಳೂ ರೂಟ್ ಆಗಿ ಓಡುತ್ತಿದ್ದವು. ಹೌದು, ಎಲ್ಲವೂ. ಕ್ಯಾಲ್ಕುಲೇಟರ್ ಕೂಡ!

ಲಿನಕ್ಸ್ ಲ್ಯಾಬಿನಲ್ಲಿ ಸುಡೋ ಅಂತ ಟೈಪ್ ಮಾಡಿದವರಿಗೆ ಇದರ ಅರ್ಥ ಗೊತ್ತು. ರೂಟ್ ಅಂದ್ರೆ ಯಜಮಾನ. ಯಾವ ಫೈಲನ್ನಾದರೂ ಓದಬಹುದು, ಯಾವುದನ್ನಾದರೂ ಅಳಿಸಬಹುದು. ಇದರಿಂದ ಏನಾಗುತ್ತೆ ಅನ್ನೋದನ್ನು 2007ರ ಜುಲೈಯಲ್ಲೇ ಚಾರ್ಲಿ ಮಿಲ್ಲರ್ ಮತ್ತು ಅವರ ಜತೆಗಾರರು ತೋರಿಸಿಕೊಟ್ಟರು. ಸಫಾರಿಯಲ್ಲಿ ಒಂದು ಕೆಟ್ಟ ಪುಟ ತೆರೆದರೆ ಸಾಕು, ಆ ಪುಟ ಕಳಿಸಿದವರ ಕೋಡ್ ಫೋನಿನ ಯಜಮಾನಿಕೆ ಹಿಡಿಯುತ್ತಿತ್ತು. ಬ್ರೌಸರಿನಲ್ಲಿ ತೂತು ಇರೋದು ಹೊಸದೇನಲ್ಲ. ಆದರೆ ಆ ತೂತಿನಿಂದ ನುಗ್ಗಿದವರು ಬ್ರೌಸರಿನ ಒಳಗೇ ಸಿಕ್ಕಿಕೊಳ್ಳಬೇಕಿತ್ತು. ಇಲ್ಲಿ ಅವರು ನೇರ ಸಂದೇಶಗಳು, ವಿಳಾಸಗಳು ಇರೋ ಜಾಗಕ್ಕೆ ಹೋಗಬಹುದಿತ್ತು. ಅಕ್ಟೋಬರಿನಲ್ಲಿ ಬಂದ ಒಂದು ಜೈಲ್‌ಬ್ರೇಕ್ ಇನ್ನೂ ತಮಾಷೆಯದು. ಒಂದು ವೆಬ್‌ಸೈಟ್ ತೆರೆದರೆ ಅದರಲ್ಲಿದ್ದ ಟಿಫ್ ಚಿತ್ರವೇ ಫೋನಿನ ಬೀಗ ಒಡೆಯುತ್ತಿತ್ತು, ಒಡೆದಮೇಲೆ ಬೇರೆಯವರು ಅದೇ ದಾರೀಲಿ ಬರದ ಹಾಗೆ ಆ ತೂತನ್ನು ಮುಚ್ಚಿಯೂ ಹೋಗುತ್ತಿತ್ತು. ಮರ್ಯಾದಸ್ಥ ಕಳ್ಳರು.

ಇಷ್ಟು ಬುದ್ಧಿವಂತ ಎಂಜಿನಿಯರ್‌ಗಳು ಹೀಗೆ ಯಾಕೆ ಮಾಡಿದರು? ಒಂದು ಮನೆಯನ್ನು ನೆನೆಸಿಕೊಳ್ಳಿ. ಮನೆಯವರಷ್ಟೇ ಇರೋವಾಗ ಅಡುಗೆಮನೆಗೆ, ಬೀರು ಇರೋ ಕೋಣೆಗೆ ಒಳಗಿನ ಚಿಲಕ ಯಾರೂ ಹಾಕಲ್ಲ. ಎಲ್ಲರೂ ಎಲ್ಲ ಕಡೆ ಓಡಾಡ್ತಾರೆ. ಬೀದಿಬಾಗಿಲು ಒಂದು ಗಟ್ಟಿ ಇದ್ದರೆ ಆಯ್ತು. ಅದೇ ಮನೆಯನ್ನು ಭಾಗ ಮಾಡಿ ಬಾಡಿಗೆಗೆ ಕೊಡಬೇಕು ಅಂದ್ರೆ ಮೊದಲು ಗೋಡೆ ಎಬ್ಬಿಸಬೇಕು. ಪ್ರತಿ ಭಾಗಕ್ಕೂ ಬೇರೆ ಬಾಗಿಲು, ಬೇರೆ ಮೀಟರ್. ನೀರಿನ ಟ್ಯಾಂಕ್ ಮಾತ್ರ ಎಲ್ಲರಿಗೂ ಒಂದೇ, ಅದಕ್ಕೊಂದು ನಿಯಮ. ಮೊದಲ ಐಫೋನ್ ಮನೆಯವರಷ್ಟೇ ಇದ್ದ ಮನೆ. ಬೀದಿಬಾಗಿಲು ಬೀಗ ಹಾಕಿತ್ತು ಅನ್ನೋ ಧೈರ್ಯದಲ್ಲಿ ಒಳಗೆ ಗೋಡೆಯೇ ಇರಲಿಲ್ಲ. ಜಾಬ್ಸ್ ಹೇಳಿದ ಜಾಲ ಕುಸಿಯೋ ಕಾರಣ ಅತಿಯಾಗಿರಬಹುದು. ಆದರೆ 2007ರ ಜೂನಿನಲ್ಲಿ ಇದ್ದ ಸ್ಥಿತಿಯಲ್ಲೇ ಫೋನನ್ನು ತೆರೆದಿದ್ದರೆ ಪ್ರತಿ ಆಟವೂ, ಪ್ರತಿ ಟಾರ್ಚ್ ಆ್ಯಪೂ ಮನೆ ಯಜಮಾನ ಆಗಿಬಿಡುತ್ತಿತ್ತು.

ಒಪ್ಪಿದ್ದು

2007ರ ಅಕ್ಟೋಬರ್ 17ರಂದು ಆ್ಯಪಲ್ ತಾಣದಲ್ಲಿ ಜಾಬ್ಸ್ ಸಹಿ ಇದ್ದ ಒಂದು ಸಣ್ಣ ಪತ್ರ ಕಾಣಿಸಿಕೊಂಡಿತು. ಹೊರಗಿನವರ ಆ್ಯಪ್‌ಗಳು ಬೇಕು, ಫೆಬ್ರವರಿಯಲ್ಲಿ ಡೆವಲಪ್‌ಮೆಂಟ್ ಕಿಟ್ ಕೊಡ್ತೀವಿ. ಅಷ್ಟು ತಡ ಯಾಕೆ ಅಂದ್ರೆ ಒಂದು ಕಡೆ ಮುಕ್ತ ವೇದಿಕೆ ಕೊಡಬೇಕು, ಇನ್ನೊಂದು ಕಡೆ ಬಳಕೆದಾರರನ್ನು ವೈರಸ್ಸಿನಿಂದ ಕಾಪಾಡಬೇಕು, ಎರಡನ್ನೂ ಒಟ್ಟಿಗೆ ಮಾಡೋದು ಸುಲಭ ಅಲ್ಲ. ಇದು ಆ ಪತ್ರದ ತಿರುಳು. ಮನಸ್ಸು ಬದಲಾದದ್ದು ಹೇಗೆ ಅನ್ನೋದಕ್ಕೆ ವಾಲ್ಟರ್ ಐಸಾಕ್ಸನ್ ಬರೆದ ಜೀವನಚರಿತ್ರೆಯಲ್ಲಿ ಒಂದು ಸುಳಿವಿದೆ. ನಿರ್ದೇಶಕ ಮಂಡಳಿಯ ಆರ್ಟ್ ಲೆವಿನ್ಸನ್, ಕಂಪನಿಯ ಒಳಗಿನ ಫಿಲ್ ಶಿಲ್ಲರ್ ಇಬ್ಬರೂ ಜಾಬ್ಸ್ ಹಿಂದೆ ಬಿದ್ದು ಒಪ್ಪಿಸಿದರಂತೆ. ಪತ್ರ ಬಂದು ಮೂರು ವಾರ ಕಳೆಯೋ ಮುಂಚೆ, ನವೆಂಬರ್ 5ರಂದು, ಗೂಗಲ್ ಮತ್ತು ಜತೆಗಾರ ಕಂಪನಿಗಳು ಆಂಡ್ರಾಯ್ಡ್ ಘೋಷಿಸಿದವು.

ಆ ಪತ್ರದಲ್ಲಿ ನೋಕಿಯಾದ ಹೆಸರೂ ಇತ್ತು. ಅದರ ಹೊಸ ಫೋನ್‌ಗಳು ಡಿಜಿಟಲ್ ಸಹಿ ಇಲ್ಲದ ಆ್ಯಪ್‌ಗಳನ್ನು ಒಳಗೆ ಬಿಡಲ್ಲ, ಅದು ಸರಿಯಾದ ಹೆಜ್ಜೆ ಅಂತ. ನಮ್ಮ ಅಣ್ಣ ಅಕ್ಕಂದಿರನ್ನು ಕೇಳಿ ನೋಡಿ, ನೋಕಿಯಾದ ಆ ಸಹಿ ಅವರಿಗೆ ಬೇರೆ ರೀತಿಯಲ್ಲೇ ನೆನಪಿರುತ್ತೆ. ಬ್ಲೂಟೂತ್‌ನಲ್ಲಿ ಬಂದ ಆಟ ಹಾಕೋಕೆ ಹೋದರೆ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂತ ಬರುತ್ತಿತ್ತು. ಆಗ ಫೋನಿನ ತಾರೀಖನ್ನೇ ಒಂದೆರಡು ವರ್ಷ ಹಿಂದಕ್ಕೆ ತಿರುಗಿಸಿ, ಆಟ ಹಾಕಿಕೊಂಡು, ಮತ್ತೆ ಇವತ್ತಿಗೆ ಬರೋದು. ಗಡಿಯಾರ ನಂಬಿದ ಬೀಗದ ಗತಿ ಅಷ್ಟೇ.

ಆಮೇಲಿನ ತಿಂಗಳುಗಳಲ್ಲಿ ಗೋಡೆ ಏಳೋದು ಹೊರಗಿನವರಿಗೂ ಕಾಣುತ್ತಿತ್ತು. 2008ರ ಜನವರಿಯ 1.1.3 ಅಪ್‌ಡೇಟಿನಲ್ಲಿ ಆ್ಯಪ್‌ಗಳು ರೂಟ್ ಬಿಟ್ಟು ಮೊಬೈಲ್ ಅನ್ನೋ ಹೆಸರಿನ ಸಾಧಾರಣ ಯೂಸರ್ ಆಗಿ ಓಡೋಕೆ ಶುರುವಾದವು. ಪರದೆ ನೋಡಿದವರಿಗೆ ಅದರಲ್ಲಿ ಏನೂ ಗೊತ್ತಾಗಲ್ಲ. ನಮ್ಮ ಲೆಕ್ಕದಲ್ಲಿ ಮಾತ್ರ ಇಡೀ ವರ್ಷದ ದೊಡ್ಡ ಘಟನೆಗಳಲ್ಲಿ ಇದೂ ಒಂದು. ಅದರ ಮೇಲೆ ಬಂದದ್ದು ಸ್ಯಾಂಡ್‌ಬಾಕ್ಸ್: ಪ್ರತಿ ಆ್ಯಪ್‌ಗೂ ತನ್ನದೇ ಒಂದು ಫೋಲ್ಡರ್, ಅದು ಬಿಟ್ಟು ಪಕ್ಕದ ಆ್ಯಪ್‌ನ ಫೋಲ್ಡರಿಗೆ ಇಣುಕೋ ಹಾಗಿಲ್ಲ. ಆಂಡ್ರಾಯ್ಡ್ ಇದೇ ಗೋಡೆಯನ್ನು ಬೇರೆ ಥರ ಕಟ್ಟಿತು, ಒಂದೊಂದು ಆ್ಯಪ್‌ಗೂ ಒಂದೊಂದು ಲಿನಕ್ಸ್ ಯೂಸರ್ ಐಡಿ ಕೊಟ್ಟು. ಪರೀಕ್ಷೆಯಲ್ಲಿ ಪ್ರೊಟೆಕ್ಷನ್ ಬಗ್ಗೆ ಐದು ಅಂಕದ ಪ್ರಶ್ನೆ ಬಂದರೆ ಈ ಎರಡನ್ನೂ ಹೋಲಿಸಿ ಬರೆಯಿರಿ.

ಇನ್ನೊಂದು ಕೆಲಸವೂ ಇತ್ತು, ಅದು ಕೋಡಿಗಿಂತ ಮಾತು ಕೊಡೋದಕ್ಕೆ ಸೇರಿದ್ದು. ಕಂಪನಿ ಒಳಗೆ ಬಳಸೋ ಕ್ಲಾಸುಗಳ ಹೆಸರನ್ನು ಬೇಕಾದಾಗ ಬದಲಾಯಿಸಬಹುದು, ಪಕ್ಕದ ಟೇಬಲ್‌ನವರಿಗೆ ಹೇಳಿದರೆ ಆಯ್ತು. ಅದೇ ಕ್ಲಾಸನ್ನು ಹೊರಗಿನವರಿಗೆ ಎಪಿಐ ಅಂತ ಕೊಟ್ಟಮೇಲೆ, ನಾಳೆ ಇದನ್ನು ಬದಲಾಯಿಸಿ ನಿಮ್ಮ ಆ್ಯಪ್ ಮುರಿಯಲ್ಲ ಅಂತ ಮಾತು ಕೊಟ್ಟ ಹಾಗೆ. ಜೈಲ್‌ಬ್ರೇಕ್ ಜನ ಚೀಟಿ ಓದಿಕೊಂಡು ಬಳಸಿದ್ದ ಎಷ್ಟೋ ಕ್ಲಾಸುಗಳು ಅಧಿಕೃತ ಕಿಟ್‌ನಲ್ಲಿ ಬೇರೆ ಹೆಸರು, ಬೇರೆ ರೂಪದಲ್ಲಿ ಬಂದವು. ಅವರು ಕೋಡ್ ಮತ್ತೆ ಬರೆಯಬೇಕಾಯಿತು. ಅವರಿಗೆ ಯಾರೂ ಮಾತು ಕೊಟ್ಟಿರಲಿಲ್ಲವಲ್ಲ.

ಮಾರ್ಚ್ 6

ಫೆಬ್ರವರಿ ದಾಟಿ ಮಾರ್ಚ್ 6ಕ್ಕೆ ಕಿಟ್ ಬಂತು. ಮೊದಲ ನಾಲ್ಕು ದಿನದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಯಿತು ಅಂತ ಆ್ಯಪಲ್ ಪ್ರಕಟಿಸಿತು. ಕ್ಲೈನರ್ ಪರ್ಕಿನ್ಸ್ ಅನ್ನೋ ಹೂಡಿಕೆ ಸಂಸ್ಥೆ ಐಫೋನ್ ಆ್ಯಪ್ ಕಂಪನಿಗಳಿಗೆ ಅಂತಲೇ 10 ಕೋಟಿ ಡಾಲರ್ ಎತ್ತಿಟ್ಟಿತು. ಷರತ್ತುಗಳು ಹೀಗಿದ್ದವು: ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಆ್ಯಪ್‌ನ ಬೆಲೆ ನೀವೇ ಇಡಿ, ಬಂದದ್ದರಲ್ಲಿ 70 ಭಾಗ ನಿಮಗೆ, 30 ಭಾಗ ಆ್ಯಪಲ್‌ಗೆ. ಸ್ಟೋರ್ ಒಂದೇ, ಆ್ಯಪಲ್‌ನದು. ಏನೇನು ಬಿಡಲ್ಲ ಅನ್ನೋ ಪಟ್ಟಿಯೂ ಪರದೆ ಮೇಲೆ ಬಂತು. ಕಾನೂನುಬಾಹಿರ, ಕೇಡು ಮಾಡುವಂಥದ್ದು, ಅಶ್ಲೀಲ, ಜಾಲವನ್ನು ಹೀರುವಂಥದ್ದು, ಕೊನೆಗೆ, ಮುಂಚೆಯೇ ಊಹಿಸಲಾಗದ್ದು ಅಂತ ಒಂದು. ಆ ಕೊನೆಯ ಸಾಲನ್ನು ನಾವು ಹಾಸ್ಟೆಲ್ ನಿಯಮಗಳ ಬೋರ್ಡಿನಲ್ಲೂ ಓದಿದ ಹಾಗಿದೆ.

30 ಭಾಗ ದುಬಾರಿ ಅಂತ ಈಗ ಜಗಳ ಆಗುತ್ತೆ. ಆವತ್ತು ಹಲವರಿಗೆ ಅದು ಅಗ್ಗ ಅನ್ನಿಸಿತು. ಅದುವರೆಗೂ ಫೋನಿಗೆ ಆಟ ಮಾರಬೇಕಾದರೆ ಮೊಬೈಲ್ ಕಂಪನಿಗಳ ಬಾಗಿಲು ಒಂದೊಂದಾಗಿ ತಟ್ಟಬೇಕಿತ್ತು, ಒಬ್ಬ ವಿದ್ಯಾರ್ಥಿಗೆ ಅದು ಆಗೋ ಮಾತಲ್ಲ.

ಕಿಟ್ ಸಿಕ್ಕಿದ್ದೇನೋ ಸರಿ, ಕಾಯೋದು ಮುಗಿಯಲಿಲ್ಲ. ಬರೆದದ್ದನ್ನು ನಿಜವಾದ ಫೋನಿನಲ್ಲಿ ಓಡಿಸಬೇಕಾದರೆ ದುಡ್ಡು ಕಟ್ಟೋ ಕಾರ್ಯಕ್ರಮಕ್ಕೆ ಸೇರಬೇಕು. ಜೂನ್ ಹೊತ್ತಿಗೆ 25,000 ಜನ ಅರ್ಜಿ ಹಾಕಿದ್ದರು, ಒಳಗೆ ಬಿಟ್ಟದ್ದು 4,000. ಮಿಕ್ಕವರಿಗೆ ಮ್ಯಾಕ್ ಮೇಲಿನ ಸಿಮ್ಯುಲೇಟರ್ ಮಾತ್ರ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಎಮ್ಯುಲೇಟರ್ ಅಂದ್ರೆ ಫೋನಿನ ಪ್ರೊಸೆಸರನ್ನೇ ಅನುಕರಿಸೋದು. ಆ್ಯಪಲ್ ಕೊಟ್ಟದ್ದು ಸಿಮ್ಯುಲೇಟರ್. ಅದರಲ್ಲಿ ನಿಮ್ಮ ಕೋಡ್ ಮ್ಯಾಕ್‌ನ ಇಂಟೆಲ್ ಪ್ರೊಸೆಸರಿಗೇ ಕಂಪೈಲ್ ಆಗಿ, ಮ್ಯಾಕ್‌ನ ವೇಗದಲ್ಲೇ ಓಡುತ್ತಿತ್ತು. ಫೋನಿನಲ್ಲಿ ಇದ್ದದ್ದು 412 ಮೆಗಾಹರ್ಟ್ಸ್‌ನ ಆರ್ಮ್ ಪ್ರೊಸೆಸರ್, 128 ಎಂಬಿ ಮೆಮೊರಿ. ಡಿಸ್ಕಿಗೆ ಸ್ವಾಪ್ ಮಾಡೋ ವ್ಯವಸ್ಥೆ ಇಲ್ಲ. ಗಾರ್ಬೇಜ್ ಕಲೆಕ್ಷನ್ ಇಲ್ಲ, ಪ್ರತಿ ಆಬ್ಜೆಕ್ಟನ್ನೂ ರಿಟೇನ್, ರಿಲೀಸ್ ಅಂತ ನೀವೇ ಎಣಿಸಿ ಬಿಡಬೇಕು. ಮೆಮೊರಿ ಕಮ್ಮಿಯಾದರೆ ಸಿಸ್ಟಮ್ ಎಚ್ಚರಿಕೆ ಕೊಡುತ್ತೆ, ಕೇಳದಿದ್ದರೆ ಆ್ಯಪನ್ನು ಕೊಂದುಹಾಕುತ್ತೆ. ಸಿಮ್ಯುಲೇಟರಿನಲ್ಲಿ ನವಿಲಿನ ಹಾಗೆ ಕುಣಿದ ಆ್ಯಪ್ ಫೋನಿಗೆ ಹೋದಕೂಡಲೇ ಕುಂಟುತ್ತಿತ್ತು.

ಇಷ್ಟು ಸಾಲದು ಅಂತ ಗೋಪ್ಯತೆಯ ಒಪ್ಪಂದ ಬೇರೆ. ಕಿಟ್ ಬಗ್ಗೆ ಹೊರಗೆ ಮಾತಾಡೋ ಹಾಗಿಲ್ಲ, ಸಂದೇಹ ಬಂದರೆ ಗೆಳೆಯರನ್ನು ಬಹಿರಂಗವಾಗಿ ಕೇಳೋ ಹಾಗಿಲ್ಲ, ಪುಸ್ತಕ ಬರೆದವರು ಅಚ್ಚು ಹಾಕಿಸೋ ಹಾಗಿಲ್ಲ. ಆ್ಯಪ್ ಸ್ಟೋರ್ ತೆರೆದಮೇಲೂ ಇದು ಮುಂದುವರಿದು 2008ರ ಅಕ್ಟೋಬರ್ 1ರಂದು ಸಡಿಲವಾಯಿತು. ಒಬ್ಬರನ್ನೊಬ್ಬರು ಕೇಳಿಕೊಂಡೇ ಲ್ಯಾಬ್ ಪಾಸಾಗೋ ನಮಗೆ ಇದರಷ್ಟು ಕ್ರೂರ ನಿಯಮ ಬೇರೆ ಕಾಣಲ್ಲ.

ಒಂದು ಬೀಗ, ಎರಡು ಕೆಲಸ

ಈ ಕಥೆಯಲ್ಲಿ ನಾವು ಹೆಚ್ಚು ತಲೆ ಕೆಡಿಸಿಕೊಂಡದ್ದು ಕೋಡ್ ಸೈನಿಂಗ್ ಬಗ್ಗೆ. ಅದರ ಕೆಲಸ ಹೀಗೆ: ನೀವು ಆ್ಯಪ್ ಕಟ್ಟಿದಾಗ ಅದರ ಬೈಟುಗಳಿಂದ ಹ್ಯಾಶ್ ಅನ್ನೋ ಒಂದು ಚಿಕ್ಕ ಗುರುತು ತೆಗೆಯುತ್ತಾರೆ. ಒಂದು ಬಿಟ್ ಬದಲಾದರೂ ಆ ಗುರುತು ಬೇರೆಯೇ ಆಗುತ್ತೆ. ಆ ಗುರುತಿಗೆ ಪ್ರೈವೇಟ್ ಕೀಯಿಂದ ಸಹಿ ಹಾಕ್ತಾರೆ. ಫೋನ್ ಅದನ್ನು ಪಬ್ಲಿಕ್ ಕೀಯಿಂದ ತಾಳೆ ನೋಡುತ್ತೆ. ಐಫೋನಿನಲ್ಲಿ ಕರ್ನಲ್ಲೇ ಈ ತಪಾಸಣೆ ಮಾಡೋದು. ತಾಳೆ ಆಗದ ಕೋಡ್ ಓಡಲ್ಲ.

ಗಮನಿಸಿ, ಈ ತಪಾಸಣೆ ಎರಡು ಬೇರೆ ಪ್ರಶ್ನೆಗಳನ್ನು ಒಟ್ಟಿಗೆ ಕೇಳುತ್ತಿದೆ. ಮೊದಲನೆಯದು, ಈ ಕೋಡ್ ಬರೆದವರು ಯಾರು, ದಾರೀಲಿ ಯಾರಾದರೂ ಕೈ ಹಾಕಿದ್ದಾರಾ? ಇದಕ್ಕೆ ಗಣಿತ ಉತ್ತರ ಕೊಡುತ್ತೆ. ಎರಡನೆಯದು, ಇದಕ್ಕೆ ಆ್ಯಪಲ್ ಒಪ್ಪಿದೆಯಾ? ಇದಕ್ಕೆ ಗಣಿತದಲ್ಲಿ ಉತ್ತರ ಇಲ್ಲ. ಕಂಪನಿಯ ಆಫೀಸಿನಲ್ಲಿ ಕೂತ ಮನುಷ್ಯರು ಕೊಡಬೇಕು. ಬಳಕೆದಾರರನ್ನು ಕಾಪಾಡೋ ಬೀಗವೂ, ಬೇರೆಯವರು ಅಂಗಡಿ ಇಡದ ಹಾಗೆ ತಡೆಯೋ ಬೀಗವೂ ಒಂದೇ ಆಗಿಬಿಟ್ಟಿತು. ಸುರಕ್ಷತೆಗಾಗಿ ಅಂತ ಕಂಪನಿ ಹೇಳಿದಾಗ ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಎರಡನ್ನೂ ಬಿಡಿಸಬಹುದಿತ್ತು ಅನ್ನೋದಕ್ಕೆ ಸಾಕ್ಷಿ ಆ್ಯಪಲ್‌ನದೇ ಮ್ಯಾಕ್. 2012ರಲ್ಲಿ ಮ್ಯಾಕ್‌ಗೆ ಗೇಟ್‌ಕೀಪರ್ ಬಂದಾಗ ಸಹಿ ಹಾಕಿದ ಡೆವಲಪರ್ ತನ್ನ ಪ್ರೋಗ್ರಾಮನ್ನು ತನ್ನದೇ ತಾಣದಿಂದ ಕೊಡಬಹುದಿತ್ತು. ಸಹಿ ಬೇಕು, ಅಂಗಡಿ ಬೇಕಾಗಿಲ್ಲ. ಇನ್ನು ಅಂಗಡಿಯ ಪರಿಶೀಲನೆ ಎಲ್ಲವನ್ನೂ ಹಿಡಿಯುತ್ತಾ? 2007ರಲ್ಲಿ ಸಫಾರಿಯ ತೂತು ತೋರಿಸಿದ ಚಾರ್ಲಿ ಮಿಲ್ಲರ್ 2011ರಲ್ಲಿ ಷೇರು ಬೆಲೆ ತೋರಿಸೋ ಒಂದು ಸಾಧು ಆ್ಯಪ್ ಕಳಿಸಿದರು. ಪರಿಶೀಲನೆಯಲ್ಲಿ ಪಾಸಾಯಿತು. ಆದರೆ ಅದು ಸಹಿ ಇಲ್ಲದ ಕೋಡನ್ನು ಹೊರಗಿನಿಂದ ಇಳಿಸಿಕೊಂಡು ಓಡಿಸಬಲ್ಲದಾಗಿತ್ತು. ಅವರು ಅದನ್ನು ಬಹಿರಂಗ ಮಾಡಿದಮೇಲೆ ಆ್ಯಪಲ್ ತೂತು ಮುಚ್ಚಿತು, ಮಿಲ್ಲರ್ ಅವರನ್ನು ಡೆವಲಪರ್ ಕಾರ್ಯಕ್ರಮದಿಂದಲೂ ಹೊರಗೆ ಹಾಕಿತು. 2024ರ ಮಾರ್ಚ್‌ನಿಂದ ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಕಾನೂನಿನ ಒತ್ತಡಕ್ಕೆ ಐಫೋನಿನಲ್ಲಿ ಬೇರೆಯವರ ಸ್ಟೋರ್‌ಗಳಿಗೂ ಅವಕಾಶ ಬಂದಿದೆ. ಹದಿನಾರು ವರ್ಷ ಬೇಕಾಯಿತು.

ನಾವು ಈ ವರ್ಷ ಪ್ರಾಜೆಕ್ಟ್ ಅಂತ ಏನಾದರೂ ಆ್ಯಪ್ ಮಾಡಿ ಐಫೋನ್ ಸ್ಟೋರಿಗೆ ಹಾಕಬೇಕು ಅಂದ್ರೆ ವರ್ಷಕ್ಕೆ 99 ಡಾಲರ್ ಈಗಲೂ ಇದೆ. ಎಂಟು ಸಾವಿರ ರೂಪಾಯಿ ದಾಟುತ್ತೆ. ಆಂಡ್ರಾಯ್ಡ್‌ಗಾದರೆ 25 ಡಾಲರ್, ಅದೂ ಒಂದೇ ಸಲ. ನಮ್ಮ ಕಾಲೇಜಿನವರ ಪ್ರಾಜೆಕ್ಟುಗಳು ಯಾಕೆ ಹೆಚ್ಚಾಗಿ ಆಂಡ್ರಾಯ್ಡ್ ಅಂತ ಇನ್ನು ಕೇಳಬೇಡಿ.

ಜುಲೈ, ಆಮೇಲೆ ನಮ್ಮ ಕಡೆ

2008ರ ಜುಲೈ 10ರಂದು ಸ್ಟೋರ್ ತೆರೆಯಿತು, ಸುಮಾರು 500 ಆ್ಯಪ್. ಮೊದಲ ವಾರಾಂತ್ಯ ಮುಗಿಯೋ ಹೊತ್ತಿಗೆ ಒಂದು ಕೋಟಿ ಡೌನ್‌ಲೋಡ್. ಟ್ರಿಸಮ್ ಅನ್ನೋ ಐದು ಡಾಲರಿನ ಪಜಲ್ ಬರೆದ ಸ್ಟೀವ್ ಡೆಮೆಟರ್ ಎರಡು ತಿಂಗಳಲ್ಲಿ ಎರಡೂವರೆ ಲಕ್ಷ ಡಾಲರ್ ಗಳಿಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಗಸ್ಟಿನಲ್ಲಿ ಐ ಆ್ಯಮ್ ರಿಚ್ ಅಂತ ಇನ್ನೊಂದು ಬಂತು, 999.99 ಡಾಲರ್, ಕೆಲಸ ಏನಪ್ಪಾ ಅಂದ್ರೆ ಒಂದು ಕೆಂಪು ಹರಳು ತೋರಿಸೋದು. ಎಂಟು ಜನ ಕೊಂಡರು! ಆ್ಯಪಲ್ ಅದನ್ನು ತೆಗೆದುಹಾಕಿತು.

ಭಾರತಕ್ಕೆ ಐಫೋನ್ 3ಜಿ ಬಂದದ್ದು ಅದೇ ಆಗಸ್ಟ್ 22ರಂದು, ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ, 8 ಜಿಬಿಯದಕ್ಕೆ 31,000 ರೂಪಾಯಿ. ಕನ್ನಡ ಬರೆಯೋ ಕೀಬೋರ್ಡ್ ಅದರಲ್ಲಿ ಇರಲಿಲ್ಲ. ಸ್ಟೋರ್ ತೆರೆದಿದ್ದರೂ ಹೊರಗಿನವರು ಕೀಬೋರ್ಡ್ ಮಾಡಿಕೊಡೋ ಹಾಗಿರಲಿಲ್ಲ. ಯಾಕೆ ಅನ್ನೋದು ಈಗ ನಿಮಗೇ ಗೊತ್ತಾಗಬೇಕು. ಕೀಬೋರ್ಡ್ ಅಂದ್ರೆ ಎಲ್ಲ ಆ್ಯಪ್‌ಗಳ ಒಳಗೂ ಕಾಣಿಸಿಕೊಳ್ಳಬೇಕಾದದ್ದು, ಆದರೆ ಸ್ಯಾಂಡ್‌ಬಾಕ್ಸಿನ ಗೋಡೆ ಒಂದು ಆ್ಯಪ್ ಇನ್ನೊಂದರ ಒಳಗೆ ಹೋಗದ ಹಾಗೆ ತಡೆಯುತ್ತೆ. ಆ ಗೋಡೆಯಲ್ಲಿ ಒಂದು ಚಿಕ್ಕ ಕಿಂಡಿ ಕೊರೆದದ್ದು 2014ರ ಐಒಎಸ್ 8ರಲ್ಲಿ, ಎಕ್ಸ್‌ಟೆನ್ಷನ್ ಅನ್ನೋ ಹೆಸರಲ್ಲಿ. ಆ್ಯಪಲ್ ತಾನೇ ಕನ್ನಡ ಕೀಬೋರ್ಡ್ ಕೊಟ್ಟದ್ದು 2017ರ ಐಒಎಸ್ 11ರಲ್ಲಿ. ಅಂದ್ರೆ ಮೊದಲ ಐಫೋನ್ ಬಂದು ಹತ್ತು ವರ್ಷ ಆದಮೇಲೆ. ನಡುವಿನ ಮೂರು ವರ್ಷ ವಾಟ್ಸ್‌ಆ್ಯಪ್‌ನಲ್ಲಿ ಅಮ್ಮನಿಗೆ ನೇರವಾಗಿ ಕನ್ನಡದಲ್ಲಿ ಟೈಪ್ ಮಾಡಬೇಕು ಅಂದ ಐಫೋನ್ ಕನ್ನಡಿಗರಿಗೆ ಹೊರಗಿನವರ ಕೀಬೋರ್ಡೇ ಗತಿ. ಒಂದು ಫೋನನ್ನು ಹೊರಗಿನ ಡೆವಲಪರ್‌ಗಳಿಗೆ ತೆರೆಯೋದು ಅಂದ್ರೆ ಏನು ಅಂತ ಕನ್ನಡ ಸಂಘದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಕೊಡೋಕಾಗಲ್ಲ. ಕಂಪನಿಯ ಪಟ್ಟಿಯಲ್ಲಿ ನಮ್ಮ ಭಾಷೆಯ ಸರದಿ ಯಾವಾಗ ಬರುತ್ತೋ, ಕಿಂಡಿ ಇದ್ದರೆ ನಾವೇ ಬರೆದುಕೊಳ್ಳಬಹುದು.

ಆ ಕಿಂಡಿಗೂ ಚಿಲಕಗಳಿವೆ. ಹೊರಗಿನ ಕೀಬೋರ್ಡಿಗೆ ಮೊದಲಿಗೆ ಇಂಟರ್ನೆಟ್ ಸಿಗಲ್ಲ, ಹಾಗಾಗಿ ನೀವು ಟೈಪ್ ಮಾಡಿದ್ದನ್ನು ಅದು ಎಲ್ಲಿಗೂ ಕಳಿಸಲಾರದು. ಸೆಟ್ಟಿಂಗ್ಸ್‌ಗೆ ಹೋಗಿ ಪೂರ್ತಿ ಅನುಮತಿಯ ಸ್ವಿಚ್ ನೀವಾಗಿ ಒತ್ತಿದರೆ ಮಾತ್ರ ಸಿಗುತ್ತೆ. ಐಫೋನ್ ಇರೋ ಗೆಳೆಯರು ಯಾರಾದರೂ ಸಿಕ್ಕಿದರೆ ಒಂದು ಪ್ರಯೋಗ ಮಾಡಿ ನೋಡಿ. ಹೊರಗಿನವರ ಯಾವುದಾದರೂ ಕನ್ನಡ ಕೀಬೋರ್ಡ್ ಹಾಕಿ, ನೋಟ್ಸ್‌ನಲ್ಲಿ ಒಂದು ಸಾಲು ಬರೆಯಿರಿ. ಆಮೇಲೆ ಯಾವುದಾದರೂ ತಾಣದ ಪಾಸ್‌ವರ್ಡ್ ಜಾಗದ ಮೇಲೆ ಬೆರಳಿಡಿ. ಕನ್ನಡ ಕೀಬೋರ್ಡ್ ತಾನಾಗಿಯೇ ಸರಿದು ಆ್ಯಪಲ್‌ನ ಕೀಬೋರ್ಡ್ ಬಂದು ಕೂರುತ್ತೆ.